ಅಪ್ಪನ ಲೋಕಲ್‌ನಲ್ಲಿ ತೀರ್ಮಾನವಾದದ್ದು

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ವಿಲೆ ಪಾರ್ಲೆಯ ಈ ಪುಟ್ಟ ಮನೆಯ ಮೂಲೆಮೂಲೆಯೂ ನನಗೆ ಮುದ್ದೋ ಮುದ್ದು! ಇವತ್ತು ನನ್ನ ಗಂಡ ತನ್ನ ಹಳೆಯ ತಬಲಾದ ಗವಸು ಬಿಚ್ಚಿದ. ಚರ್ಮ ಮತ್ತು ಪೌಡರ್ ಬೆರೆತ ಆ ವಾಸನೆ! ಆಂಟಾಪ್ ಹಿಲ್‌ನಲ್ಲಿ ನನ್ನ ತವರಿನ ಮೇಲಿನ ಮನೆಯ ತಬಲಾ ಕ್ಲಾಸಿನ ವಾಸನೆಯೂ ಅದೇ. ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲೆ ಕೂತು ಕೇಳಿದ್ದನ್ನೆಲ್ಲ ನಾನು ಅಮ್ಮನ ಹಿಟ್ಟಿನ ಡಬ್ಬಿಯ ಮೇಲೆ ನುಡಿಸುತ್ತಿದ್ದೆ.

ಆದರೆ ನಾನೇನು ಕಲಿಯಬೇಕೆಂದು ತೀರ್ಮಾನವಾಗುತ್ತಿದ್ದುದು ಅಪ್ಪ ಫೋರ್ಟ್‌ನ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ. ದಿನವೂ ಜೊತೆಗೆ ನಿಂತು ಹೋಗುವ ಗೆಳೆಯರ ಮಕ್ಕಳು ಕಲಿಯುವುದೇ ನನಗೂ. ಸಂಜೆ ಶೂ ಬಿಚ್ಚುತ್ತಲೇ ಅಪ್ಪ ಹೇಳಿಬಿಡುತ್ತಿದ್ದರು. ಮೊದಲು ಅಬ್ಯಾಕಸ್, ಆಮೇಲೆ ಫ್ರೆಂಚ್, ಆಮೇಲೆ ಕೀಬೋರ್ಡ್.

"ಅಪ್ಪಾ, ನಂಗ ತಬಲಾ ಕಲೀಬೇಕು," ಎಂದೆ ಒಮ್ಮೆ.

"ನಮ್ಮ ಗ್ರೂಪಿನಾಗ ಯಾರ ಮಗಳೂ ತಬಲಾ ಬಡಿಯಂಗಿಲ್ಲವ್ವಾ. ನಿನಗೇನ್ ತಿಳೀತದ?"

ಅಮ್ಮ ನಗುತ್ತಾ ಹಿಟ್ಟಿನ ಡಬ್ಬಿಯನ್ನು ನನ್ನ ಕೈಗೆಟುಕದ ಶೆಲ್ಫಿಗೆ ಏರಿಸಿದಳು.

ಇವತ್ತು ತಬಲಾದ ಮುಂದೆ ಕೂತರೆ ಬೆರಳು ಏಳಲಿಲ್ಲ. ಆಸೆಯೂ ಏಳಲಿಲ್ಲ.

"ಬೇಡ ಬಿಡು," ಎಂದ ಗಂಡ. "ನಿಂಗೇನು ಕಲೀಬೇಕು ಅನ್ಸುತ್ತೋ ಹೇಳು, ಎನಿಥಿಂಗ್!"

ಎಷ್ಟು ಹುಡುಕಿದರೂ ಒಳಗೆ ಏನೂ ಸಿಗಲಿಲ್ಲ. ನೋಡಿದರೆ ಕೈ ತಾನಾಗಿ ಫೋನ್ ಎತ್ತಿ ಅಪ್ಪನ ನಂಬರ್ ಒತ್ತಿತ್ತು.