ನಮ್ಮ ಭಾಷೆಯ ಬೋಧಕ, ಸುಗುಣಳ ಮಾತ್ರೆ

ಕರ್ತನನ್ನು ನಂಬಿ ಬಾಳುತ್ತಿರುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪ್ರಭುದಾಸನ ವಂದನೆ. ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ನನ್ನ ಹೆಂಡತಿ ಸುಗುಣ ಸಾವಿನ ಬಾಗಿಲವರೆಗೆ ಹೋಗಿ ಬಂದಳು. ಅವಳನ್ನು ಅಲ್ಲಿಗೆ ತಳ್ಳಿದ್ದು ಕಾಯಿಲೆಯಲ್ಲ. ಒಬ್ಬ ಬೋಧಕನ ಮಾತು, ಮತ್ತು ಆ ಮಾತಿಗೆ ತಲೆಯಾಡಿಸಿದ ನಾನು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಊರು ಬಿಟ್ಟು ಬಂದ ನಮ್ಮವರು ಯಾರು ಬೇಕಾದರೂ ಇದೇ ತಪ್ಪು ಮಾಡಬಹುದು.

ನಾವು ನಂಜನಗೂಡಿನ ಕಡೆಯವರು. ಕೊಯಮತ್ತೂರಿಗೆ ಬಂದು ಎಂಟು ವರ್ಷವಾಯಿತು. ಇಲ್ಲಿನ ಗಣಪತಿ ಎಂಬ ಬಡಾವಣೆಯ ಒಂದು ಪಂಪ್ ವರ್ಕ್‌ಶಾಪಿನಲ್ಲಿ ನನಗೆ ಟೆಸ್ಟಿಂಗ್ ಕೆಲಸ. ಜೋಡಿಸಿದ ಪ್ರತಿ ಪಂಪನ್ನೂ ನೀರಿಗೆ ಹಚ್ಚಿ ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತೇನೆ. ಒಳಗೆ ಏನು ಕೆಟ್ಟಿದೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ನಾನು ಸರಿ ಎನ್ನದೆ ಒಂದು ಪಂಪಿಗೂ ಬಣ್ಣ ಬಳಿಯುವುದಿಲ್ಲ.

ಸುಗುಣಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. ಮದುವೆಯಾದ ಮೂರನೇ ವರ್ಷ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಲೋಹದ ಕವಾಟ ಹಾಕಿದರು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವವರೆಗೂ ದಿನಕ್ಕೊಂದು ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅವಳ ಎದೆಯೊಳಗಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ. ಬಸ್ಸಿನಲ್ಲಿ ಪಕ್ಕದವರು ತಮ್ಮ ವಾಚು ನೋಡಿಕೊಂಡರೆ ಅವಳು ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗುತ್ತಿದ್ದಳು.

ಇಲ್ಲಿಗೆ ಬಂದ ಮೇಲೆ ಹತ್ತಿರದ ತಮಿಳು ಸಭೆಗೆ ಹೋಗುತ್ತಿದ್ದೆವು. ಅಲ್ಲಿನ ಪಾಸ್ಟರ್ ವಯಸ್ಸಾದವರು, ಸೈಕಲ್ಲಿನಲ್ಲಿ ಮನೆಮನೆಗೆ ಬರುವ ಸಾಧು ಮನುಷ್ಯ. ನನಗೆ ತಮಿಳು ಕೆಲಸಕ್ಕೆ ಸಾಕಾಗುವಷ್ಟು ಬರುತ್ತದೆ, ಪ್ರಾರ್ಥನೆಗೆ ಸಾಲದು. ಸುಗುಣಳಂತೂ ಪ್ರಸಂಗ ಮುಗಿಯುವವರೆಗೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. "ದೇವ್ರ ಮನೇಲೂ ನಾನು ನೆಂಟ್ರ ಥರಾನೇ ಕೂತಿರ್ಬೇಕಾ?" ಎಂದು ಒಮ್ಮೆ ಕೇಳಿದಳು. ಆ ಮಾತು ನನ್ನನ್ನು ಚುಚ್ಚಿತ್ತು.

ಹೋದ ವರ್ಷ ಜೂನ್‌ನಲ್ಲಿ, ತಿರುಪ್ಪೂರಿನಲ್ಲಿ ಕನ್ನಡದಲ್ಲೇ ಆರಾಧನೆ ನಡೆಯುತ್ತದೆ ಎಂಬ ಸುದ್ದಿ ಸಿಕ್ಕಿತು. ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮ್ಮ ಕಡೆಯವರು ಸೇರುವ ಸಭೆ. ಗಾಂಧಿಪುರದಿಂದ ಬಸ್ ಹತ್ತಿ ಹೋದೆವು. ಒಂದು ಗೋಡೌನಿನ ಮಹಡಿಯ ಹಾಲ್, ನೂರು ಜನ. ಮೊದಲ ಹಾಡು ಕನ್ನಡದಲ್ಲಿ ಎದ್ದ ಕೂಡಲೇ ಸುಗುಣ ಬಿಕ್ಕಿಬಿಕ್ಕಿ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು. ಅಷ್ಟು ಸಾಕಾಯಿತು ನಮಗೆ. ಬೋಧಕ ಏನು ಹೇಳುತ್ತಾನೆ ಎಂದು ನಾವು ತೂಗಿ ನೋಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುತ್ತಾನಲ್ಲ, ಹಾಗಾದರೆ ನಮ್ಮವನೇ ಎಂದುಕೊಂಡೆವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವ್ವ ಸಾವಿರ ಸಲ ಹೇಳಿದ್ದಳು. ಯಾರಿಗೆ ನೆನಪಿರುತ್ತದೆ.

ಹೊಸಬರು ಬಾಗಿಲಲ್ಲಿ ಒಂದು ಚೀಟಿಯಲ್ಲಿ ಹೆಸರು, ಊರು, ಪ್ರಾರ್ಥನೆಯ ವಿಷಯ ಬರೆದುಕೊಡಬೇಕಿತ್ತು. ಹಾಡು ಶುರುವಾಗಿತ್ತು, ನನಗೆ ಅವಸರ. ಆಪರೇಷನ್ ಬೆಂಗಳೂರಿನಲ್ಲಿ ಆಯಿತು ಎಂದು ಬರೆಯುವ ಬದಲು ಮೈಸೂರಿನಲ್ಲಿ ಎಂದು ಗೀಚಿಬಿಟ್ಟೆ. ಮುಂದಿನ ಭಾನುವಾರ ಬೋಧಕ ಪ್ರಾರ್ಥನೆಯ ನಡುವೆ ಕಣ್ಣು ಮುಚ್ಚಿ, ಒಂದು ಕೈ ಮೇಲಕ್ಕೆತ್ತಿ, "ನಂಜನಗೂಡಿನ ಕಡೆಯ ಒಬ್ಬ ತಂಗಿ ಇಲ್ಲಿದ್ದಾಳೆ. ಮೈಸೂರಿನಲ್ಲಿ ಅವಳ ಎದೆ ಸೀಳಿದ್ದಾರೆ. ಕರ್ತನು ನನಗೆ ತೋರಿಸುತ್ತಿದ್ದಾನೆ" ಎಂದ.

ಹಾಲ್ ತುಂಬ ಸ್ತೋತ್ರ ಸ್ತೋತ್ರ ಎಂಬ ಕೂಗು. ಸುಗುಣ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಮೈಸೂರಲ್ಲ ಕಣ್ರೀ, ಬೆಂಗ್ಳೂರಲ್ವಾ ಆಗಿದ್ದು?"

"ಸುಮ್ನಿರು. ದೇವ್ರ ಮನುಷ್ಯ ಹೇಳೋದ್ರಲ್ಲಿ ಹುಳುಕು ಹುಡುಕ್ತೀಯಾ?" ಎಂದು ನಾನೇ ಗದರಿದೆ. ಚೀಟಿಯಲ್ಲಿ ನಾನು ಬರೆದ ತಪ್ಪು ಆಗ ನನಗೆ ಹೊಳೆಯಲೇ ಇಲ್ಲ. ಯಾರೋ ಮಂಕುಬೂದಿ ಎರಚಿದಂತಿದ್ದೆ.

ಆಮೇಲೆ ಒಂದೊಂದಾಗಿ ಕಟ್ಟುಗಳು ಬಿಗಿಯಾದವು. ಬೇರೆ ಸಭೆಗಳಿಗೆ ಕಾಲಿಡಬಾರದು. ಮನೆಯಲ್ಲಿ ತಾವಾಗಿ ಸತ್ಯವೇದ ಓದಿ ಅರ್ಥ ಮಾಡಿಕೊಳ್ಳಬಾರದು, ಗೊಂದಲವಾಗುತ್ತದೆ. ಅವನು ಬಿಡಿಸಿ ಹೇಳುತ್ತಾನೆ. ಪ್ರಶ್ನೆ ಕೇಳಿದವರಲ್ಲಿ ದುರಾತ್ಮವಿದೆ. ನಮ್ಮ ಹಳೆಯ ಪಾಸ್ಟರ್ ಎರಡು ಸಲ ಸೈಕಲ್ ತುಳಿದುಕೊಂಡು ಮನೆಗೆ ಬಂದರು. ನಾನು ಒಳಗೇ ಕೂತು, ಮನೆಯಲ್ಲಿಲ್ಲ ಎಂದು ಮನೆ ಓನರ್ ರಂಗಮ್ಮಜ್ಜಿಯಿಂದ ಹೇಳಿಸಿದೆ. ಈ ಅಜ್ಜಿ ಪಲ್ಲಡಂ ಕಡೆಯ ಒಕ್ಕಲು ಮನೆತನದವರು, ತಲೆಮಾರುಗಳಿಂದ ಇಲ್ಲೇ ನೆಲೆಸಿರುವ ಹಿಂದೂ ಕನ್ನಡಿಗರು. ಅವರ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿದೆ. "ನಿಂಗೋಸ್ಕರ ನಾನು ಪೊಯ್ ಹೇಳ್ಬೇಕಾ ಪ್ರಭು? ಪೆರಿಯವರು ಪಾವಂ, ಈ ವಯಸ್ಸಲ್ಲಿ ಬಿಸ್ಲಲ್ಲಿ ಬಂದವ್ರೆ" ಎಂದು ಬೈದುಕೊಂಡೇ ಆ ಸುಳ್ಳನ್ನು ಹೇಳಿದರು.

ಜುಲೈ ಕೊನೆಯ ಭಾನುವಾರ ಬೋಧಕ ಸುಗುಣಳನ್ನು ಮುಂದಕ್ಕೆ ಕರೆದ. ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, "ಕರ್ತನು ನಿನಗೆ ಹೊಸ ಹೃದಯ ಕೊಟ್ಟಾಯಿತು. ಇನ್ನು ಮಾತ್ರೆ ನುಂಗಿದರೆ ಆತನನ್ನು ಸುಳ್ಳುಗಾರನೆಂದ ಹಾಗೆ. ಸಾಕ್ಷಿ ಹೇಳು" ಎಂದು ಮೈಕು ಕೊಟ್ಟ. ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ತನಗೆ ವಾಸಿಯಾಗಿದೆ ಎಂದು ನೂರು ಜನರ ಮುಂದೆ ಹೇಳಿದಳು. ಆ ದಿನದಿಂದ ಮಾತ್ರೆ ನಿಂತಿತು. ರಕ್ತ ಪರೀಕ್ಷೆಗೂ ಹೋಗಲಿಲ್ಲ.

ಎರಡು ವಾರ ಏನೂ ಆಗಲಿಲ್ಲ. ನಾನು ವರ್ಕ್‌ಶಾಪಿನಲ್ಲಿ ಎದೆಯುಬ್ಬಿಸಿಕೊಂಡು ಹೇಳಿಕೊಂಡು ತಿರುಗಿದೆ. ಮೂರನೇ ವಾರ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಬೋಧಕನಿಗೆ ಫೋನ್ ಮಾಡಿದರೆ, ಕಾಯಿಲೆ ಬಿಟ್ಟುಹೋಗುವಾಗ ಹಾಗೇ, ಹೆದರಬೇಡ ಎಂದ. ರಂಗಮ್ಮಜ್ಜಿ ಮಾತ್ರ ನನ್ನನ್ನು ಬಾಗಿಲಲ್ಲೇ ತಡೆದರು.

"ಪೊಣ್ಣಿಗೆ ಮೂಚ್ಚು ವಾಂಗ್ತಾ ಇದೆ, ಹುಡ್ಗಿ ಏದುಸಿರು ಬಿಡೋದು ನಿಂಗೆ ಕಾಣ್ಸಲ್ವಾ? ಮಾತ್ರೆ ಯಾಕೆ ನಿಲ್ಸಿದ್ದು?"

"ದೇವ್ರು ವಾಸಿ ಮಾಡಿದಾನೆ ಅಜ್ಜಿ."

"ನಿಮ್ ಸಾಮಿ ದೊಡ್ಡ ಸಾಮಿ, ನಾನು ಇಲ್ಲ ಅನ್ನಲ್ಲ. ಆ ಡಾಕ್ಟ್ರನ್ನೂ ಅದೇ ಸಾಮಿ ತಾನೇ ಇಟ್ಟಿರೋದು? ವಾಸಿ ಆಗಿದ್ರೆ ಡಾಕ್ಟ್ರೇ ನೋಡಿ ಸೊಲ್ಲಟ್ಟುಮೇ, ಅವ್ರು ಹೇಳಿದ್ರೆ ನಿಮ್ ಸಾಮಿಗೇನು ನಷ್ಟ?"

ನನಗೆ ಸಿಟ್ಟು ಬಂತು, ಬೆನ್ನು ತಿರುಗಿಸಿ ಒಳಗೆ ಹೋದೆ. ಆದರೆ ಮಾರನೆಯ ದಿನ, ಬುಧವಾರ ಬೆಳಿಗ್ಗೆ, ಆ ಬೋಧಕನ ಸಭೆಗೆ ಸೇರಿದ ಮೇಲೆ ಮೊದಲ ಸಲ ನಾನು ಅವನ ಮಾತುಗಳನ್ನು ಬಿಟ್ಟು ನನ್ನದೇ ಮಾತಿನಲ್ಲಿ ಪ್ರಾರ್ಥಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಮಂಡಿಯೂರಿ, "ಕರ್ತನೇ, ಇದು ನಿನ್ನಿಂದ ಬಂದದ್ದೋ ಅಲ್ಲವೋ ನನಗೆ ಗೊತ್ತಾಗುತ್ತಿಲ್ಲ. ನಾನು ದಡ್ಡ. ನನಗೆ ಅರ್ಥವಾಗುವ ಹಾಗೆ ಹೇಳು" ಎಂದೆ.

ಆ ದಿನ ನಮ್ಮ ಏರಿಯಾದಲ್ಲಿ ತಿಂಗಳ ಕರೆಂಟ್ ಶಟ್‌ಡೌನ್ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ತೆಗೆದರೆ ಸಂಜೆ ನಾಲ್ಕರವರೆಗೆ ಬರುವುದಿಲ್ಲ, ವರ್ಕ್‌ಶಾಪಿಗೂ ರಜೆ. ಗಣಪತಿಯಲ್ಲಿ ಇದ್ದವರಿಗೆ ಗೊತ್ತು, ಅಲ್ಲಿ ಹಗಲೆಲ್ಲ ಲೇತ್, ಗ್ರೈಂಡಿಂಗ್, ಮೋಟಾರುಗಳ ಸದ್ದು ನಿಲ್ಲುವುದೇ ಇಲ್ಲ. ಒಂಬತ್ತಕ್ಕೆ ಎಲ್ಲವೂ ಒಟ್ಟಿಗೆ ನಿಂತವು. ಮನೆಯ ಫ್ಯಾನೂ ನಿಂತಿತು. ಸುಗುಣ ಗೋಡೆಗೊರಗಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ನಾನು ಅವಳಿಂದ ಒಂದು ಮೊಳ ದೂರದಲ್ಲಿದ್ದೆ. ಅವಳ ಏದುಸಿರು ಕೇಳುತ್ತಿತ್ತು. ಟಿಕ್ ಟಿಕ್ ಕೇಳುತ್ತಿರಲಿಲ್ಲ.

ಎದ್ದು ಹೋಗಿ ಅವಳ ಎದೆಗೆ ಕಿವಿಯೊಡ್ಡಿದೆ. "ಏನ್ರೀ ಇದು?" ಎಂದಳು. ಹೃದಯ ಬಡಿದುಕೊಳ್ಳುತ್ತಿತ್ತು, ಆದರೆ ಆ ಲೋಹದ ಸದ್ದು ಇರಲೇ ಇಲ್ಲ, ಒದ್ದೆ ಬಟ್ಟೆಯನ್ನು ಕುಕ್ಕಿದ ಹಾಗೆ ಮಂಕಾದ ಬಡಿತ. ಕೊಳವೆಯ ತಳದ ಫುಟ್ ವಾಲ್ವಿಗೆ ಚಿಂದಿ ಸಿಕ್ಕಿಕೊಂಡ ಪಂಪು ಹೀಗೆಯೇ ಓಡುತ್ತದೆ. ಹೊರಗೆ ಎಲ್ಲ ಸರಿ, ನೀರು ಮಾತ್ರ ಬರುವುದಿಲ್ಲ. ಎಂಟು ವರ್ಷ ಪಂಪುಗಳನ್ನು ಕಿವಿಗೊಟ್ಟು ಪರೀಕ್ಷಿಸಿದವನು ಒಬ್ಬ ಬೋಧಕನನ್ನು ಪರೀಕ್ಷಿಸದೆ ಹೆಂಡತಿಯ ಜೀವವನ್ನು ಅವನ ಕೈಗೆ ಕೊಟ್ಟಿದ್ದೆ.

ರಂಗಮ್ಮಜ್ಜಿಯೇ ಬೀದಿಗೆ ಓಡಿ ಆಟೋ ನಿಲ್ಲಿಸಿದರು. ಪೀಳಮೇಡಿನ ಒಂದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸುಗುಣಳ ತುಟಿ ನೀಲಿಗಟ್ಟುತ್ತಿತ್ತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ, ಮಾತ್ರೆ ಯಾವಾಗ ನಿಲ್ಲಿಸಿದಿರಿ ಎಂದು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಅದರೊಳಗೆ ತೆರೆದು ಮುಚ್ಚುವ ಒಂದು ಪಟ್ಟಿ ಅಲುಗಾಡುತ್ತಿಲ್ಲ. ಕರಗಿಸುವ ಔಷಧಿ ಏರಿಸಬೇಕು. ಅದರಿಂದ ಮೆದುಳಿನಲ್ಲಿ ರಕ್ತಸ್ರಾವವಾದರೂ ಆಗಬಹುದು, ಏರಿಸದಿದ್ದರೆ ಸಂಜೆಯವರೆಗೆ ಉಳಿಯುವುದು ಕಷ್ಟ. ಸಹಿ ಹಾಕಿ ಎಂದರು.

ಪೆನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮಾಡಿದ್ದೇನು ಗೊತ್ತೇ? ಬೋಧಕನಿಗೆ ಫೋನ್ ಮಾಡಿದೆ. ಅಷ್ಟು ಗುಲಾಮನಾಗಿದ್ದೆ.

"ಈಗಲೇ ಹೊರಗೆ ಕರ್ಕೊಂಡು ಬಾ. ಸೂಜಿ ಚುಚ್ಚಿಸಿದ್ರೆ ಅವಳ ಮೇಲೆ ಇಳಿದ ಅಭಿಷೇಕ ಬಿಟ್ಟುಹೋಗುತ್ತೆ" ಎಂದ.

"ಅವಳು ಸತ್ತರೆ ಅಯ್ಯಾ?"

"ಸತ್ತರೆ ನಿಮ್ಮ ಅಪನಂಬಿಕೆಯಿಂದ ಸತ್ತಳು. ಅದನ್ನ ನನ್ನ ತಲೆಗೆ ಕಟ್ಟಬೇಡ" ಎಂದು ಫೋನ್ ಇಟ್ಟ.

ಬದುಕಿದರೆ ಅವನಿಂದ, ಸತ್ತರೆ ನಮ್ಮಿಂದ. ಆಸ್ಪತ್ರೆಯ ಆ ಓಣಿಯಲ್ಲಿ ನನಗೆ ಚೀಟಿಯ ವಿಷಯ ಹೊಳೆಯಿತು. ಕರ್ತನೇ ತೋರಿಸಿದ್ದರೆ ಬೋಧಕ ಬೆಂಗಳೂರು ಎನ್ನುತ್ತಿದ್ದ. ಮೈಸೂರು ಎಂದದ್ದು ನನ್ನ ಚೀಟಿ. ಸಹಿ ಹಾಕಿದೆ. ಕುರ್ಚಿಯ ಮೇಲೆ ಕುಸಿದು, "ತಪ್ಪು ನನ್ನದು, ಅವಳದಲ್ಲ. ಅವಳನ್ನು ಉಳಿಸು" ಎಂದಷ್ಟೇ ಹೇಳುತ್ತಾ ಕೂತೆ.

ಮಧ್ಯಾಹ್ನ ತಲೆಯೆತ್ತಿ ನೋಡಿದರೆ ಪಕ್ಕದಲ್ಲಿ ನಮ್ಮ ಹಳೆಯ ಪಾಸ್ಟರ್ ಕೂತಿದ್ದಾರೆ. ರಂಗಮ್ಮಜ್ಜಿ ಹೇಳಿಕಳಿಸಿದ್ದರು. ನಾನು ಅವರ ಕಾಲಿಗೆ ಬೀಳಲು ಹೋದೆ. ಅವರು ಬಿಡಲಿಲ್ಲ. ತಮಿಳಿನಲ್ಲಿ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಪ್ರಾರ್ಥಿಸಿದರು. ಆ ತಮಿಳಿನ ಒಂದೊಂದು ಮಾತೂ ನನಗೆ ತಾಗಿತು. ಆಮೇಲೆ ನಾನೇ ಕೇಳಿದೆ, ಕಳ್ಳ ಬೋಧಕನನ್ನು ಗುರುತಿಸುವುದು ಹೇಗೆ ಎಂದು. ಅವರು ಹೇಳಿದರು: ಅವನು ಮಾತು ಮುಗಿಸಿದ ಮೇಲೆ ನಿನ್ನ ಮನಸ್ಸಿನಲ್ಲಿ ಯಾರು ದೊಡ್ಡವರಾದರು ನೋಡು, ಯೇಸುವೋ ಅವನೋ. ಪ್ರಶ್ನೆ ಕೇಳಿದರೆ ಸಿಟ್ಟಾಗುವವನ ಬಳಿ ನಿಲ್ಲಬೇಡ. ವೇದ ಓದಬೇಡ ಎನ್ನುವವನ ಮನೆ ಕಡೆಗೂ ಹೋಗಬೇಡ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳಿ ಎಂದು ನಮಗೆ ಅಪ್ಪಣೆಯೇ ಇದೆ. ಪರೀಕ್ಷಿಸುವುದು ಅಪನಂಬಿಕೆಯಲ್ಲ, ವಿಧೇಯತೆ. ನನ್ನನ್ನೂ ಪರೀಕ್ಷಿಸು ಎಂದು ಸೇರಿಸಿದರು.

ಮಾರನೆಯ ಬೆಳಿಗ್ಗೆ ನನ್ನನ್ನು ಐಸಿಯುವಿನೊಳಕ್ಕೆ ಬಿಟ್ಟರು. ನರ್ಸು ಬೇಡ ಎನ್ನುವಷ್ಟರಲ್ಲಿ ನಾನು ಬಗ್ಗಿ ಸುಗುಣಳ ಎದೆಗೆ ಕಿವಿಯೊಡ್ಡಿದ್ದೆ. ಟಿಕ್. ಟಿಕ್. ಟಿಕ್. ನಾನು ಗೊಳೋ ಎಂದು ಅತ್ತುಬಿಟ್ಟೆ. ಅವಳು ಕಣ್ಣು ಬಿಟ್ಟು, ಒಣಗಿದ ಬಾಯಲ್ಲಿ, "ಎಲ್ಲಾರೂ ನೋಡ್ತಾವ್ರೆ, ಏಳ್ರೀ ಮೇಲೆ" ಎಂದಳು. ಅವಳಿಂದ ಬೈಸಿಕೊಂಡು ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಅಕ್ಟೋಬರ್‌ನಲ್ಲಿ ಸುಗುಣ ತಾನೇ ತಿರುಪ್ಪೂರಿಗೆ ಹೊರಟಳು. "ಅಷ್ಟು ಜನ್ರ ಮುಂದೆ ಸುಳ್ಳು ಹೇಳ್ಬಂದಿದೀನಿ, ಅಲ್ಲೇ ನಿಜಾನೂ ಹೇಳ್ಬೇಕು" ಎಂದಳು. ನನಗೆ ಭಯವಿತ್ತು, ಆದರೆ ಈ ಸಲ ತಲೆಯಾಡಿಸುವ ಹಕ್ಕು ನನಗಿರಲಿಲ್ಲ. ಸಾಕ್ಷಿಯ ಸಮಯದಲ್ಲಿ ಎದ್ದು, ನನಗೆ ವಾಸಿಯಾಗಿರಲಿಲ್ಲ, ಮಾತ್ರೆ ಬಿಟ್ಟು ಸಾಯುತ್ತಿದ್ದೆ ಎಂದಳು. ಮೈಕು ಆರಿಸಿದರು. ಅವಳು ಗಂಟಲು ದೊಡ್ಡದು ಮಾಡಿ ಉಳಿದದ್ದನ್ನೂ ಹೇಳಿದಳು. ಬೋಧಕ ಗದರುತ್ತಿದ್ದ ಹಾಗೆ ನಾವು ಹೊರಟು ಬಂದೆವು.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಒಬ್ಬ ತಾಯಿ ಓಡಿ ಬಂದಳು. ಪಕ್ಕದಲ್ಲಿ ಹದಿನಾರು ವರ್ಷದ ಮಗಳು. ಫಿಟ್ಸ್ ಬರುತ್ತಿದ್ದ ಆ ಹುಡುಗಿಯ ಮಾತ್ರೆಯನ್ನು ಬೋಧಕ ಹಿಂದಿನ ವಾರವಷ್ಟೇ ನಿಲ್ಲಿಸಿದ್ದ. "ಮತ್ತೆ ಕೊಟ್ರೆ ದೇವ್ರು ಕೋಪ ಮಾಡ್ಕೊಳಲ್ವಾ ಅಕ್ಕಾ?" ಎಂದು ಆ ತಾಯಿ ಕೇಳಿದಳು.

"ನಾನು ದಿನಾ ಸ್ತೋತ್ರ ಹೇಳಿ ನುಂಗ್ತೀನಿ. ನನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ. ಬಾ, ಈಗ್ಲೇ ಡಾಕ್ಟ್ರ ಹತ್ರ ಹೋಗೋಣ" ಎಂದು ಸುಗುಣ ಅವಳ ಕೈ ಹಿಡಿದಳು. ನಾಲ್ಕು ಜನ ಒಂದೇ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರು ನಾಲ್ಕು ಮಾತು ಬೈದು ಮಾತ್ರೆ ಬರೆದುಕೊಟ್ಟರು. ಹುಡುಗಿ ಅಲ್ಲೇ ನಲ್ಲಿಯ ಹತ್ತಿರ ನಿಂತು ಮೊದಲನೆಯದನ್ನು ನುಂಗಿದಳು.

ಕರ್ತನು ಸುಗುಣಳ ಉಸಿರನ್ನು ಹಿಂದಕ್ಕೆ ಕೊಟ್ಟದ್ದು ನನ್ನ ಅಳು ಕೇಳಿ, ನನಗೊಬ್ಬನಿಗಾಗಿ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆ ತಾಯಿ ಮಗಳ ಬಾಯಿ ಒರೆಸುವುದನ್ನು ನೋಡುತ್ತಾ ನಿಂತಾಗ ಆ ಹುಡುಗಿಗಾಗಿಯೂ ಕೊಟ್ಟನೆಂದು ತಿಳಿಯಿತು. ಆತನಿಗೆ ಸ್ತೋತ್ರ.