ಬಾಯಿ ಮುಚ್ಚಿದ ತೂತು

ಬೆಳಗೋಡಿನ ಮೆಕ್ಯಾನಿಕ್ ಶಾಂತಮಲ್ಲಪ್ಪ ಎಸ್ಟೇಟಿನ ಹಳೇ ಡೀಸೆಲ್ ಜೀಪಿನಡಿ ಮಲಗಿ ಅದು ಮೂರನೇ ದಿನ. ರೇಡಿಯೇಟರಿಗೆ ಹಾಕಿದ ನೀರಲ್ಲಿ ದಿನಾ ಎರಡು ಚೊಂಬು ಮಾಯವಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಹೋಸ್ ಬದಲಾಯಿಸಿದ್ದಾಯಿತು, ಮುಚ್ಚಳ ಬದಲಾಯಿಸಿದ್ದಾಯಿತು. ನಲವತ್ತು ವರ್ಷ ನೆಲಕ್ಕೊತ್ತಿದ ಬೆನ್ನು ಇನ್ನು ಸಾಕು ಎನ್ನುತ್ತಿತ್ತು.

ಕೊನೆಗೆ ವಾಟರ್ ಪಂಪಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಪಂಪಿನ ತಳದಲ್ಲೊಂದು ಸಣ್ಣ ತೂತಿರಬೇಕು; ಒಳಗಿನ ಸೀಲ್ ಸವೆದರೆ ನೀರು ಅಲ್ಲಿಂದ ತೊಟ್ಟಿಕ್ಕಿ ಸುದ್ದಿ ಹೇಳುತ್ತದೆ. ಆ ತೂತಿಗೆ ಯಾರೋ ಗಟ್ಟಿ ಅಂಟು ಮೆತ್ತಿದ್ದರು. ದಾರಿ ಸಿಗದ ನೀರು ಶಾಫ್ಟಿನ ಗುಂಟ ಹೊರಬಂದು, ಫ್ಯಾನಿನ ಗಾಳಿಗೆ ಚೆದುರಿ, ಬಿಸಿ ಎಂಜಿನ್ನಿನ ಮೇಲೇ ಆರಿಹೋಗುತ್ತಿತ್ತು.

“ಯಾವ ಬೇವರ್ಸಿ ಕಣ್ಲಾ ಇದ್ರ ಬಾಯಿ ಮುಚ್ಚಿದ್ದು?”

ಡ್ರೈವರ್ ನಂಜುಂಡ ಬಗ್ಗಿ ನೋಡಿದ. “ನೀವೇ ಕಣಣ್ಣ. ಹೋದ್ ವರ್ಷ ಕಾಫಿ ಕುಯ್ಲಲ್ಲಿ. ಪಂಪ್ ಬಿಚ್ಚಕ್ಕೆ ಟೈಮಿಲ್ಲ, ಸದ್ಯಕ್ಕೆ ಓಡ್ಲಿ ಅಂದ್ಬುಟ್ರಿ.”

ಸದ್ಯಕ್ಕೆ. ಊರಿನ ಅರ್ಧ ಗಾಡಿಗಳು ಅವನ ಆ ಒಂದು ಮಾತಿನ ಮೇಲೇ ಓಡುತ್ತಿದ್ದವು. ಬೆನ್ನುನೋವಿಗೆ ಅವನು ಸೊಂಟದ ಬೆಲ್ಟನ್ನೂ ಸದ್ಯಕ್ಕೆ ಅಂತಲೇ ಕಟ್ಟಿಕೊಂಡಿದ್ದು. ಆಗಲೇ ಆರು ವರ್ಷ.

“ಈಗೇನ್ ಮಾಡಾಣ? ಸದ್ಯಕ್ಕೆ...” ನಂಜುಂಡ ರಾಗ ಎಳೆದ.

“ಆ ಮಾತು ಎತ್ಬೇಡ ಮಾರಾಯ. ಸ್ಪ್ಯಾನರ್ ಕೊಡು, ಪಂಪ್ ಬಿಚ್ತೀನಿ.”

ಬೈದ ಬೈಗುಳವನ್ನು ವಾಪಸ್ ತಗೊಳ್ಳುವಷ್ಟು ಕಸುವೂ ಅವನಲ್ಲಿ ಉಳಿದಿರಲಿಲ್ಲ.