ಸರ ಆರಿಸಿದ ಪ್ರೊಸೆಸರು

ಕ್ಯಾನಿನ ಬೂಚು ತೆಗೆದರೆ ಬಿಳಿ ಹೊಗೆ ಮುಖಕ್ಕೆ ಬಂದು ಬಡಿಯುತ್ತದೆ. ಹೊಗೆಯಲ್ಲ ಅದು, ಬರೀ ಥಂಡಿ. ಸಿಂದಗಿ ಸುತ್ತಲಿನ ಹಳ್ಳಿಗಳಲ್ಲಿ ಆಕಳು, ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. ಜನ ಡಾಕ್ಟರ್ ಅನ್ನುತ್ತಾರೆ. ಅಲ್ಲ ಅಂದರೂ ಬಿಡುವುದಿಲ್ಲ. ಜಾತಿ ಹೋರಿಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳು ಆ ಕ್ಯಾನಿನೊಳಗೆ ದ್ರವ ನೈಟ್ರೋಜನ್‌ನಲ್ಲಿ ಮುಳುಗಿರಬೇಕು. ನೈಟ್ರೋಜನ್ ಆರಿತೋ, ಕಡ್ಡಿಗಳು ಸತ್ತವು ಅಂತಲೇ ಲೆಕ್ಕ. ಮೊನ್ನೆ ಕನ್ನೊಳ್ಳಿಯಲ್ಲಿ ಒಂದು ಎಮ್ಮೆಯ ಹಿಂದೆ ನಿಂತು ಬೂಚು ತೆಗೆದೆ. ಹೊಗೆ ಕೈಮೇಲೆ ಹರಿಯಿತು, ಸರ ನೆನಪಾದರು. ಎಮ್ಮೆಯ ಹಿಂದೆ ನಿಂತಾಗ ನೆನಪಾಗುವಂಥ ಮನುಷ್ಯರಲ್ಲ ಅವರು, ಆದರೂ...

ಸರ ನಮ್ಮ ಪಕ್ಕದ ಮನೆಯವರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮನೆಯೊಳಗೆ ಮರಾಠಿ, ಕಟ್ಟೆಯ ಮೇಲೆ ಕನ್ನಡ, ಸಿಟ್ಟು ಬಂದರೆ ಎರಡೂ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಹಣೆಯ ಗೋಪೀಚಂದನ ಆರುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಕೂತುಬಿಡುತ್ತಿದ್ದರು. ಕಂಪ್ಯೂಟರನ್ನು ಅದರ ಕಂಪನಿ ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸುವ ಹುಚ್ಚು ಅವರಿಗೆ. ಓವರ್‌ಕ್ಲಾಕಿಂಗ್ ಅನ್ನುತ್ತಿದ್ದರು. ಅದರಿಂದ ಏನು ಬರುತ್ತದೆ ಅಂತ ಒಮ್ಮೆ ಕೇಳಿದೆ. ಏನೂ ಬರುವುದಿಲ್ಲ, ಎಷ್ಟು ಓಡುತ್ತದೆ ಅಂತ ನೋಡುವುದಷ್ಟೇ ಅಂದರು.

ಅಂಥದ್ದಕ್ಕೆ ಪ್ರೊಸೆಸರ್ ಆರಿಸುವುದು ಹೇಗೆ ಅಂತ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ತಿಳಿಸಿದ್ದರು. ಎಲ್ಲವೂ ಓಡುವುದಿಲ್ಲ. ಬಹಳಷ್ಟಕ್ಕೆ ವೇಗ ಏರದಂತೆ ಕಂಪನಿಯವರೇ ಬೀಗ ಹಾಕಿ ಕಳಿಸುತ್ತಾರೆ, ಬೀಗವಿಲ್ಲದ್ದನ್ನು ಹುಡುಕಿ ತರಬೇಕು. ಅದನ್ನು ಕೂಡಿಸುವ ಬೋರ್ಡು ಹೆಚ್ಚಿನ ಕರೆಂಟ್ ತಡೆಯುವಷ್ಟು ಗಟ್ಟಿ ಇರಬೇಕು. ಇಷ್ಟೆಲ್ಲ ಆದ ಮೇಲೂ, ಒಂದೇ ಹೆಸರಿನ, ಒಂದೇ ರೇಟಿನ ಎರಡು ಪ್ರೊಸೆಸರುಗಳು ಒಂದೇ ನಮೂನೆ ಇರುವುದಿಲ್ಲವಂತೆ. ಒಂದು ತುಸು ವೇಗ ಏರಿಸಿದರೆ ಗಪ್ಪನೆ ನಿಲ್ಲುತ್ತದೆ. ಇನ್ನೊಂದು ಅಷ್ಟೇ ಕರೆಂಟ್ ತಿಂದು ಇನ್ನೂ ಮುಂದೆ ಓಡುತ್ತದೆ. ಯಾವುದು ಹೇಗೆ ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ನನಗೆ ತಟ್ಟನೆ ತಿಳಿಯಿತು. ನಮ್ಮಲ್ಲೂ ಹಾಗೇ ಸರ, ಹೋರಿ ಒಂದೇ, ಇಂಜೆಕ್ಷನ್ ಕೊಟ್ಟ ಕೈ ಒಂದೇ, ಒಂದು ಆಕಳು ಗಬ್ಬಾಗುತ್ತದೆ, ಇನ್ನೊಂದು ತಿರುಗಿ ಬೆದೆಗೆ ಬರುತ್ತದೆ ಅಂದೆ. ಸರ ನಕ್ಕೂ ನಕ್ಕೂ ಕೆಮ್ಮಿದರು. ಒಳಗಿನಿಂದ ವೈನಿ, ಅವರ ಹೆಂಡತಿ, ನೀರು ತಂದು ಕೊಟ್ಟು ನನ್ನ ಕಡೆ ಕಣ್ಣು ಬಿಟ್ಟರು.

ಆ ವರ್ಷ ಅವರು ವಿಜಯಪುರದಿಂದ ಒಂದು ಪ್ರೊಸೆಸರು, ಸೊಲ್ಲಾಪುರದಿಂದ ಅಂಥದೇ ಇನ್ನೊಂದು ತಂದರು. ಚಳಿಗಾಲದ ಬೆಳಗು, ಶಾಲು ಹೊದ್ದು, ಮಾಳಿಗೆಯ ಮೇಲೆ ಬೋರ್ಡು ಹಚ್ಚಿಕೊಂಡು ಎರಡನ್ನೂ ಓಡಿಸಿ ನೋಡಿದರು. ವಿಜಯಪುರದ್ದು ವೇಗಕ್ಕೇನೋ ಬಂತು, ಆದರೆ ಕುದಿಯಿತು. ಅದನ್ನು ಮುದ್ದೇಬಿಹಾಳದ ಒಬ್ಬ ಫೋಟೋ ಸ್ಟುಡಿಯೋದವನಿಗೆ ಕೊಟ್ಟರು; ಸಾದಾ ವೇಗಕ್ಕೆ ಅದರಲ್ಲೇನೂ ಊನವಿರಲಿಲ್ಲ. ಸೊಲ್ಲಾಪುರದ್ದು ತಣ್ಣಗೆ ಓಡಿತು. ಇನ್ನೂ ಏರಿಸಿದರು, ಇನ್ನೂ ಓಡಿತು. ಹೊಸ ಅಳಿಯನನ್ನು ತೋರಿಸುವ ಮಾವನ ಹಾಗೆ ನನ್ನನ್ನು ಮೇಲೆ ಕರೆದು ತೋರಿಸಿದರು.

ಸರ ಮಾಳಿಗೆ ಹತ್ತಿದ್ದು ಅದೇ ಕೊನೆ. ಅವರ ಎದೆಬಡಿತ ತಪ್ಪತೊಡಗಿತ್ತು. ಡಾಕ್ಟರು, ನನ್ನಂಥವರಲ್ಲ, ಖರೇ ಡಾಕ್ಟರು, ಬಡಿತ ಇಳಿಸುವ ಗುಳಿಗೆ ಕೊಟ್ಟು ಮೆಟ್ಟಿಲು ಹತ್ತಬೇಡಿ ಅಂದಿದ್ದರು. ಗುಣವಾಗುತ್ತದೆ ಅಂತ ಮಾತ್ರ ಹೇಳಿರಲಿಲ್ಲ.

“ನನ್ನ ಕ್ಲಾಕ್ ಇಳಿಸ್ಯಾರ್ರಿ, ಡಾಕ್ಟರ,” ಅಂದರು ಸರ. ನನಗೆ ನಗು ಬರಲಿಲ್ಲ.

ಆಮೇಲೆ ಒಂದು ದಿನ ನೇರವಾಗಿ ಕೇಳಿದರು. ಆ ಪ್ರೊಸೆಸರು ಗಾಳಿಯ ತಂಪಿನಲ್ಲಿ ಓಡುವಷ್ಟು ಓಡಿಯಾಗಿದೆ. ಅದರ ಕೊನೆ ನೋಡಬೇಕಾದರೆ ದ್ರವ ನೈಟ್ರೋಜನ್ ಸುರಿದು ತಣಿಸಬೇಕು. ತಾನು ಇರುವಷ್ಟರಲ್ಲಿ ಒಂದೇ ಒಂದು ಸಲ ಅದನ್ನು ನೋಡಬೇಕು, ನೈಟ್ರೋಜನ್ ನನ್ನ ಹತ್ತಿರ ಬಿಟ್ಟರೆ ಈ ತಾಲೂಕಿನಲ್ಲಿ ಯಾರ ಹತ್ತಿರ ಇದೆ? ನಾನೂ ನೇರವಾಗಿ ಇಲ್ಲ ಅಂದೆ. ಅದು ಸರಕಾರದ್ದು, ಆಕಳಿನದ್ದು. ಸರ ಮುಖ ಗಂಟು ಹಾಕಲಿಲ್ಲ, ಖರೇ ಅದ ಅಂದರು. ಆದರೂ ಲೇಥ್ ಕೆಲಸದವನ ಹತ್ತಿರ ದಪ್ಪ ತಳದ ತಾಮ್ರದ ಬಟ್ಟಲೊಂದನ್ನು ಮಾಡಿಸಿ ಇಟ್ಟುಕೊಂಡರು, ಪ್ರೊಸೆಸರಿನ ನೆತ್ತಿಯ ಮೇಲೆ ಕೂಡಿಸಿ ನೈಟ್ರೋಜನ್ ಹೊಯ್ಯಲು. ಸಂಧ್ಯಾವಂದನೆಗೆ ಒಂದು ಪಂಚಪಾತ್ರೆ, ಕಂಪ್ಯೂಟರಿಗೆ ಇನ್ನೊಂದು ಅಂತ ವೈನಿ ಚಾಷ್ಟಿ ಮಾಡುತ್ತಿದ್ದರು.

ಬೇಸಿಗೆಗೆ ಮುಂಚೆ ನಮ್ಮ ದನದ ದವಾಖಾನೆಯ ದೊಡ್ಡ ಕ್ಯಾನೊಂದು ಕೆಟ್ಟಿತು. ಹೊರಮೈ ಬೆವರತೊಡಗಿತ್ತು, ಅಂದರೆ ಒಳಗಿನದು ಹಾರಿಹೋಗುತ್ತಿದೆ. ಕಡ್ಡಿಗಳನ್ನು ಒಳ್ಳೆಯ ಕ್ಯಾನಿಗೆ ಸಾಗಿಸಿ, ಅದನ್ನು ಬಾಯಿತನಕ ತುಂಬಿದ ಮೇಲೂ ಒಂದಿಷ್ಟು ನೈಟ್ರೋಜನ್ ಉಳಿಯಿತು. ದವಾಖಾನೆಯ ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೇಳಿದೆ. ಹೇಗೂ ಗಾಳಿಗೆ ಹೋಗುವುದು, ಒಯ್ಯಿ ಮಾರಾಯಾ ಅಂದರು.

ಭಾನುವಾರ ಬೆಳಿಗ್ಗೆ ಸಣ್ಣ ಕ್ಯಾನಿನಲ್ಲಿ ತುಂಬಿಕೊಂಡು ಸರರ ಪಡಸಾಲೆಗೆ ಹೋದೆ. ಕಿಟಕಿ ಬಾಗಿಲೆಲ್ಲ ತೆಗೆಸಿದೆ. ಸರ ಮಡಿ ಧೋತರ ಉಟ್ಟು, ಬಟ್ಟಲು ಕೂಡಿಸಿಕೊಂಡು ಕಾಯುತ್ತಿದ್ದರು. ಬೂಚು ತೆಗೆದೆ. ಆಗ ಫೋನು ಬಂತು.

ಝಳಕಿಯ ಕಡೆ ನನ್ನದೇ ಕೆಲಸ ಮಾಡುವ ಗೆಳೆಯ. ನೈಟ್ರೋಜನ್ ತರುವ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದೆ, ಇವತ್ತು ಬರುವುದಿಲ್ಲ. ತನ್ನ ಕ್ಯಾನು ತಳ ಕಂಡಿದೆ. ಅಲ್ಲಿಯ ಹಳ್ಳಿಗಳ ಕಡ್ಡಿಗಳೆಲ್ಲ ಸಂಜೆಯೊಳಗೆ ಸಾಯುತ್ತವೆ. ಎಲ್ಲಾದರೂ ಒಂದಿಷ್ಟು ಇದೆಯೇ? ಅವನ ಗಂಟಲು ಎಂಥದ್ದೆಂದರೆ ಫೋನು ಬೇಕಾಗಿರಲಿಲ್ಲ, ಸರರಿಗೆ ಎಲ್ಲ ಕೇಳಿತು. ನನ್ನ ಹತ್ತಿರ ಇದ್ದದ್ದು ಒಂದು ಸಲಕ್ಕೆ ಸಾಕಾಗುವಷ್ಟು. ಇಲ್ಲ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

“ಬೂಚು ಹಾಕ್ರಿ,” ಅಂದರು ಸರ.

“ಸರ, ಇದು ಇನ್ನೊಮ್ಮಿ ಸಿಗೂದಿಲ್ರಿ.”

“ಗೊತ್ತದ. ಇದು ಓಡದಿದ್ರ ನಾ ಒಬ್ಬವ ಸುಮ್ಮ ಕೂಡತೇನಿ. ಅವು ಸತ್ರ ಎಷ್ಟು ಮಂದಿ ಆಕಳ ಖಾಲಿ ನಿಲ್ತಾವ? ಒಯ್ರಿ.”

ಇಂಡಿ ದಾಟಿ ಝಳಕಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಕೆಟ್ಟ ಗಾಡಿಯನ್ನು, ಗೆಳೆಯನನ್ನು, ದೇವರನ್ನು ಬೈದೆ. ಸಂಜೆ ತಿರುಗಿ ಬಂದಾಗ ಸರ ಕಟ್ಟೆಯ ಮೇಲೆ ಕೂತಿದ್ದರು. ಬಟ್ಟಲು ಒಳಗಿಟ್ಟಾಗಿತ್ತು. ಉಳಿದವೇ ಅಂತ ಕೇಳಿದರು. ಉಳಿದವು ಸರ ಅಂದೆ. ಅವರು ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಆಮೇಲಿನ ಗಾಡಿಗಳು ಅಳೆದು ಸುರಿದವು, ಹನಿ ಮಿಗಲಿಲ್ಲ. ಹೊಸ ಕ್ಯಾನು ಬಂತು, ಅದು ಬೆವರಲಿಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ನಾನು ನನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದೆ... ಮಳೆ ಹತ್ತುವ ಮೊದಲೇ ಸರ ಹೋಗಿಬಿಟ್ಟರು. ಒಡಹುಟ್ಟಿದವ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಕನ್ನೊಳ್ಳಿಯಿಂದ ಬಂದ ದಿನ ವೈನಿಯವರನ್ನು ಮಾತಾಡಿಸಲು ಹೋದೆ. ಅದೇ ಪ್ರೊಸೆಸರಿನ ಕಂಪ್ಯೂಟರಿನಲ್ಲಿ ಅವರು ವಿಠ್ಠಲನ ಅಭಂಗದ ಹಾಡು ಹಚ್ಚಿಕೊಂಡು ಕೂತಿದ್ದರು, ಕಂಪನಿ ಹೇಳಿದ ವೇಗದಲ್ಲಿ. ಅಭಂಗಕ್ಕೆ ಅದಕ್ಕಿಂತ ಹೆಚ್ಚು ಯಾಕೆ ಬೇಕು? ಚಹಾ ತಂದಿಟ್ಟು ಕೇಳಿದರು.

“ಆವತ್ತ ಹೊಯ್ದಿದ್ರ ಇದು ಎಷ್ಟು ಓಡತಿತ್ರಿ?”

ದೊಡ್ಡದೊಂದು ಅಂಕಿ ಹೇಳಿ ಅವರ ಮನಸ್ಸಿಗೆ ಸಮಾಧಾನ ಮಾಡಬಹುದಿತ್ತು. ಸರರ ಮನೆಯಲ್ಲಿ ಕೂತು ಸುಳ್ಳು ಲೆಕ್ಕ ಹೇಳಲು ಬಾಯಿ ಬರಲಿಲ್ಲ.

“ಸರಗೂ ಗೊತ್ತಾಗಲಿಲ್ರಿ, ವೈನಿ.”

ಅವರು ಕಂಪ್ಯೂಟರಿನ ಕಡೆ ನೋಡಿದರು. ಅಭಂಗ ನಡೆದಿತ್ತು.

“ಚಹಾ ಆರತದ, ಕುಡೀರಿ,” ಅಂದರು.